ಮಾಳಿಗೆಯ ಮೇಲಿನ ದಾರಿ

ಅಥವಾ ನಾನು ಹೇಳಹೊರಟದ್ದು ಬೇರೆ ಓಣಿಯೇ ಇದ್ದೀತು. ನೆನಪು ಬಿರುಕು ಕಂಡಲ್ಲೆಲ್ಲ ಗಿಲಾವು ಮೆತ್ತುತ್ತದೆ, ನಾನದನ್ನು ನಂಬುವುದಿಲ್ಲ. ಆದರೂ ಮೂಡಲಗಿಯಿಂದ ಗೋಕಾಕಕ್ಕೆ ಸೊಸೆಯಾಗಿ ಬಂದ ವರ್ಷ ನಾನು ಆ ಊರನ್ನು ಮೇಲಿನಿಂದ ಕಲಿತದ್ದು ಖರೆ. ಮನೆಗಳ ಮೇಲಿನ ಸಪಾಟಾದ ಮಣ್ಣಿನ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮಧ್ಯಾಹ್ನ ಸಂಡಿಗೆ ಒಣಹಾಕುವ ನೆವದಲ್ಲಿ ಅತ್ತೆ ನನ್ನನ್ನೂ ಹತ್ತಿಸಿಕೊಂಡು, ನಾಲ್ಕಾರು ಮಾಳಿಗೆ ದಾಟಿ, ಹಿಂದಿನ ಓಣಿಯ ಗೆಳತಿಯ ಬೆಳಕಿಂಡಿಗೆ ಬಾಗಿ, “ಯಕ್ಕಾ, ಎದ್ದೀಯೇನ?” ಎನ್ನುವರು. ಸೀರೆ ಬದಲಿಸುವುದಿಲ್ಲ, ಯಾರನ್ನೂ ಕೇಳುವುದಿಲ್ಲ.

ನೂಲಿನ ಗಿರಣಿಯ ಕೆಲಸಕ್ಕೆ ಜನ ಬಂದಂತೆ ಊರು ಅಗಸಿಬಾಗಿಲು ದಾಟಿ ಬೆಳೆಯಿತು. ಮಾವನವರು ಹೊರಗೆ ಜಾಗ ಹಿಡಿದು ಹೆಂಚಿನ ಮನೆ ಕಟ್ಟಿಸಿದರು. ನೇರ ರಸ್ತೆ, ಮನೆಮನೆಗಳ ನಡುವೆ ಕಡ್ಡಾಯ ಸಂದಿ. ಅವರಿಗೆ ಹೆಮ್ಮೆ. ಅತ್ತೆ ಮೇಲೆ ನೋಡಿ, “ಹಂಚಿನ ಮ್ಯಾಲ ಅಡ್ಡಾಡಾಕ ನಾನೇನ ಬೆಕ್ಕೇನ್ರಿ?” ಅಂದರು. ನಕ್ಕರೂ ಊಟ ಅರ್ಧಕ್ಕೇ ಬಿಟ್ಟರು. ಗೆಳತಿಯಿಲ್ಲದ ಮಧ್ಯಾಹ್ನ ಅವರಿಂದ ಕಳೆಯಲಾಗುತ್ತಿರಲಿಲ್ಲ.

ಗೆಳತಿಯನ್ನು ಕರೆತರಲು ನನ್ನನ್ನು ಕಳಿಸಿದರು. ದಿನಾ ಹೋದ ಮನೆ, ಆದರೆ ಅದರ ಬಾಗಿಲನ್ನು ನಾನು ಕಂಡೇ ಇರಲಿಲ್ಲ! ಯಾರದೋ ಪಡಸಾಲೆ ಹೊಕ್ಕು, ಊಟಕ್ಕೆ ಕುಳಿತ ಗಂಡಸರನ್ನು ಕಂಡು ಹೊರಗೋಡಿ ಬಂದೆ. ಮಾಳಿಗೆಯಿಂದ ಗೆಳತಿ ನಕ್ಕಳು. ಬಯ್ದಳೂ ಇರಬಹುದು, ಎರಡನ್ನೂ ಬರೆದಿಡುತ್ತೇನೆ.

“ಕೆಳಗ್ಯಾಕ ಹುಡುಕಾಕತ್ತೀ, ನಾ ಮ್ಯಾಲ ಅದೀನಿ! ನಿಮ್ಮ ಅತ್ತೀಗೆ ಹೇಳು: ರಸ್ತಾದಾಗ ಬರಬೇಕಂದ್ರ ಸೀರಿ ಉಡಬೇಕು, ಮನಿ ಮಂದಿಗೆಲ್ಲಾ ಹೇಳಬೇಕು. ಆಕಿ ಮಾಳಿಗಿ ಕಟ್ಟಿಸಲಿ, ಬಾಜೂಕ ನಾ ಬರ್ತೀನಿ.”

ಆ ರಾತ್ರಿ ಅತ್ತೆ ಮಾವನವರನ್ನು ಕೇಳಿದರು: “ಸಂಡಿಗಿ ಎಲ್ಲಿ ಒಣಸಲಿ? ನಿಮ್ಮ ರುಮಾಲಿನ ಮ್ಯಾಲೇನ್ರಿ?” ಸಂಡಿಗೆ ಇಲ್ಲದ ಊಟ ಸೇರದ ಮಾವನವರು ಅಡುಗೆಮನೆಯ ಹೆಂಚು ತೆಗೆಸಿ ಮಾಳಿಗೆ ಹಾಕಿಸಿದರು. ಗೆಳತಿಯೂ ಮಗನನ್ನು ಕಾಡಿ ನಮ್ಮ ಪಕ್ಕದ ಜಾಗ ಹಿಡಿಸಿ, ಅಲ್ಲೂ ಮಾಳಿಗೆಯ ಅಡುಗೆಮನೆ ಎಬ್ಬಿಸಿದಳು. ಆದರೂ ನಡುವೆ ಸಂದಿ. ಇಬ್ಬರೂ ಅಂಚಿಗೆ ನಿಂತು, ಹೊಳೆಯ ಎರಡು ದಂಡೆಯವರಂತೆ ಕೂಗಿ ಮಾತಾಡುತ್ತಿದ್ದರು; ಗುಟ್ಟೆಲ್ಲ ರಸ್ತೆಗೆ ಬೀಳುತ್ತಿತ್ತು.

ಒಂದು ಬೆಳಿಗ್ಗೆ ನೋಡಿದರೆ ಸಂದಿಯ ಮೇಲೊಂದು ದಪ್ಪ ಹಲಗೆ.

“ನಾ ಅಲ್ಲ,” ಅಂದರು ಅತ್ತೆ. ಗೆಳತಿಯೂ ಹಾಗೇ ಅಂದಳು. ಮಾವನವರು ಕತ್ತೆತ್ತಿ ನೋಡಿ, “ಗಾಳಿಗಿ ಹಾರಿ ಬಂದಿರಬೇಕು,” ಅಂದು ಒಳಗೆ ಹೋದರು.

ಮಧ್ಯಾಹ್ನ ಅತ್ತೆ ಸೀರೆಯ ನೆರಿಗೆ ಎತ್ತಿ ಹಿಡಿದು ದಾಟಿದರು. ಅದು ನಮ್ಮ ಕೊಟ್ಟಿಗೆಯ ಹಲಗೆಯಂತಿತ್ತು. ಕೊಟ್ಟಿಗೆಯಲ್ಲಿ ಅದು ಇದೆಯೋ ಇಲ್ಲವೋ ಎಂದು ನಾನು ಹೋಗಿ ನೋಡಲಿಲ್ಲ. ಯಾರು ಇಟ್ಟರೋ, ನನಗೆ ಇಂದಿಗೂ ಗೊತ್ತಿಲ್ಲ.