ಸ್ಕ್ರೂ ಕಚ್ಚಿಕೊಂಡು ಮಾತಾಡುತ್ತಿದ್ದ ಕಾಕಾ

ಕಾಕಾ ಮಾತಾಡುವಾಗ ತುಟಿಗಳ ನಡುವೆ ಎರಡು ಮೂರು ಸ್ಕ್ರೂ ಇದ್ದೇ ಇರುತ್ತಿದ್ದವು. ಕಂಪ್ಯೂಟರ್ ಬಿಚ್ಚುತ್ತಾ ಒಂದೊಂದನ್ನೇ ಬಾಯಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಮೊದಲೇ ಹುಬ್ಬಳ್ಳಿ ಕಡೆಯ ಕನ್ನಡ, ಮೇಲೆ ಸ್ಕ್ರೂ ಬೇರೆ. ಯಲಹಂಕದಲ್ಲೇ ಹುಟ್ಟಿ ಬೆಳೆದ ನನಗೆ ಅರ್ಧ ಅರ್ಥವಾದರೆ ಪುಣ್ಯ. ನುಂಗಿಬಿಟ್ಟೀರಿ ಎಂದು ಹೆದರಿಸಿದರೆ, ಮೈಯಲ್ಲಿ ಕಬ್ಬಿಣ ಕಡಿಮೆಯಿದೆ ಎಂದು ಡಾಕ್ಟರೇ ಹೇಳಿದ್ದಾರೆ ಎನ್ನುತ್ತಿದ್ದರು.

ನಮ್ಮ ಬೀದಿಯ ತುದಿಯಲ್ಲಿ ಅವರ ರಿಪೇರಿ ಅಂಗಡಿ. ಮದುವೆ, ನಾಮಕರಣಗಳ ವಿಡಿಯೊ ಎಡಿಟ್ ಮಾಡಿ ಬದುಕುವವಳು ನಾನು. ಮೊದಲ ಸಲ ಹೋದಾಗ, “ಸಾರ್, ಹ್ಯಾಂಗ್ ಆಯ್ತು” ಎಂದೆ.

“ಹ್ಯಾಂಗಾತು?” ಎಂದರು.

ಹೌದು ಸಾರ್, ಹ್ಯಾಂಗ್ ಆಯ್ತು ಎಂದೆ. ಅವರು ಮತ್ತೆ ಅದನ್ನೇ ಕೇಳಿದರು, ನಾನು ಮತ್ತೆ ಅದನ್ನೇ ಹೇಳಿದೆ. ಇವರಿಗೇನು ಕಿವಿ ಕೇಳಿಸುವುದಿಲ್ಲವೇ ಎಂದು ರೇಗಿಹೋಯಿತು. ಅವರು ಕೇಳುತ್ತಿದ್ದದ್ದು ಹೇಗಾಯಿತು ಎಂದು! ಗೊತ್ತಾದ ಮೇಲೆ ಇಬ್ಬರೂ ನಕ್ಕು ಸುಸ್ತಾದೆವು, ಅವರ ಬಾಯಿಯ ಸ್ಕ್ರೂಗಳೆಲ್ಲ ಮೇಜಿನ ಕೆಳಗೆ ಉದುರಿದವು. ಅವತ್ತಿನಿಂದ ಸಾರ್ ಹೋಗಿ ಕಾಕಾ ಆದರು. ಆದರೆ ಆ ಪ್ರಶ್ನೆ ಬಿಟ್ಟವರಲ್ಲ. ಹೇಗಾಯಿತು, ಅದಕ್ಕೆ ಮುಂಚೆ ಏನು ಮಾಡಿದೆ, ಅದಕ್ಕೂ ಮುಂಚೆ ಏನು ಮಾಡಿದೆ ಎಂದು ಕೇಳಿಯೇ ಯಂತ್ರ ಮುಟ್ಟುತ್ತಿದ್ದರು. ನನಗೋ ತಲೆ ಕೆಡುತ್ತಿತ್ತು.

ನನ್ನ ತಂಗಿಯ ಮದುವೆ ಹತ್ತಿರ ಬಂದಾಗ ಅಮ್ಮ ಹೆಬ್ಬಾಳದ ಆಸ್ಪತ್ರೆ ಸೇರಿದಳು. ಮುಹೂರ್ತ ಮುಂದಕ್ಕೆ ಹಾಕಲು ಅವಳೇ ಒಪ್ಪಲಿಲ್ಲ. ಅಪ್ಪ ಅವಳ ಜೊತೆ ಉಳಿದರು, ಚಿಕ್ಕಪ್ಪ ಚಿಕ್ಕಮ್ಮ ಧಾರೆ ಎರೆದರು. ಹೃದಯದ ಆಪರೇಷನ್‌ಗೆ ದಿನ ಗೊತ್ತಾಯಿತು. ಅಷ್ಟರೊಳಗೆ ಮದುವೆಯ ವಿಡಿಯೊ ನೋಡಬೇಕು ಎಂದು ಅಮ್ಮ ಹಟ ಹಿಡಿದಳು.

“ಫೋನಲ್ಲಿ ತುಂಡು ತುಂಡು ತೋರಿಸ್ಬೇಡ ಕಣೇ. ಪೂರ್ತಿ ನೋಡ್ಬೇಕು. ಆಮೇಲೆ ಏನಾಗುತ್ತೋ ಯಾರಿಗ್ ಗೊತ್ತು.”

ಕೆಲಸ ಬೇಗ ಮುಗಿಯಲಿ ಎಂದು ಹೊಸ ಗ್ರಾಫಿಕ್ಸ್ ಕಾರ್ಡ್ ತಂದೆ, ಕಾಕಾನೇ ಕೂರಿಸಿಕೊಟ್ಟರು. ಅಲ್ಲಿಂದ ಶುರುವಾಯಿತು ನೋಡಿ ಗ್ರಹಚಾರ. ವಿಡಿಯೊ ತಯಾರಾಗುತ್ತಾ ಧಾರೆಯ ಹತ್ತಿರ ಬರುತ್ತಿದ್ದಂತೆ ಪರದೆ ಕಪ್ಪಾಗಿ ಕಂಪ್ಯೂಟರ್ ತಾನಾಗಿಯೇ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ಮಾಡಿದ್ದೆಲ್ಲ ನೀರಲ್ಲಿ ಹೋಮ.

ಆಪರೇಷನ್‌ಗೆ ಒಂದೇ ದಿನ ಉಳಿದಾಗ, ಹಬ್ಬದ ಬೆಳಗ್ಗೆ, ಕಾಕಾ ಮನೆಗೇ ಬಂದರು. ಸಾಫ್ಟ್‌ವೇರಿನ ತೊಂದರೆ ಎಂದು ಕಾರ್ಡ್ ನಡೆಸುವ ಡ್ರೈವರ್ ಪ್ರೋಗ್ರಾಂ ತೆಗೆದು ಮತ್ತೆ ಹಾಕಿದರು. ಮತ್ತೆ ಕಪ್ಪು. ಒಳಗಿನ ಧೂಳನ್ನೆಲ್ಲ ಬ್ರಷ್ಷಿನಿಂದ ಗುಡಿಸಿದರು. ಮತ್ತೆ ಕಪ್ಪು. ನಾನು ಅಳುವುದೊಂದು ಬಾಕಿ. ಕೊನೆಗೆ ಪವರ್ ಸಪ್ಲೈ ಡಬ್ಬಿಯ ಮೇಲಿನ ಚೀಟಿ ಓದಿದರು. ಹೊಸ ಕಾರ್ಡು ಕೇಳುವಷ್ಟು ಕರೆಂಟು ಕೊಡಲು ಅದಕ್ಕೆ ತಾಕತ್ತಿರಲಿಲ್ಲ, ಕೆಲಸ ಜಾಸ್ತಿಯಾದೊಡನೆ ಕೈಚೆಲ್ಲುತ್ತಿತ್ತು. ಕಾಕಾ ಸ್ಕ್ರೂಗಳನ್ನು ಅಂಗೈಗೆ ತೆಗೆದುಕೊಂಡರು.

“ತಪ್ಪು ನಂದೈತಿ, ತಂಗಿ. ಹೊಸಾದು ಹಾಕೂಕಿಂತ ಮೊದ್ಲ ಇದನ್ನ ನೋಡಬೇಕಿತ್ತು.”

ಬೇರೆ ಪವರ್ ಸಪ್ಲೈ ತರೋಣವೆಂದರೆ ಅವರ ಅಂಗಡಿಯಲ್ಲಿ ಅಂಥದ್ದಿರಲಿಲ್ಲ, ಊರೆಲ್ಲ ಹಬ್ಬದ ರಜೆ. ಹಳೆಯ ಕಾರ್ಡನ್ನೇ ವಾಪಸ್ ಹಾಕುತ್ತೇನೆ ಎಂದರು. “ಸಾವಕಾಶ ಆಕ್ಕೈತಿ, ಆದ್ರ ಮುಗೀತೈತಿ.”

ಸಾವಕಾಶ ಎಂದರೆ ಸಂಜೆಯೊಳಗೆ ಆಗುತ್ತದೋ ಇಲ್ಲವೋ ಎಂದು ನನಗೆ ಭಯ. ಧಾರೆ ತುಂಬ ಉದ್ದವಾಯಿತು, ಸ್ವಲ್ಪ ಕತ್ತರಿಸುತ್ತೇನೆ ಎಂದು ಮೌಸ್ ಹಿಡಿದೆ. ಕಾಕಾ ನನ್ನ ಕೈ ತಡೆದರು.

“ಅದನ್ನ ಕಡೀಬ್ಯಾಡ. ನಿಮ್ಮವ್ವ ನಿಂದ್ರಬೇಕಾಗಿದ್ದ ಜಾಗಾ ಅದು.”

ಕತ್ತರಿಸಲಿಲ್ಲ. ಅವರ ಮನೆಯಿಂದ ಹಬ್ಬದ ಊಟಕ್ಕೆ ಕರೆದು ಕರೆದು ಫೋನ್ ಬಂದರೂ ಕಾಕಾ ಏಳಲಿಲ್ಲ. ನಾನು ಕೊಟ್ಟ ಚಿತ್ರಾನ್ನ ತಿಂದು, ಕಂಪ್ಯೂಟರ್ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಸಂಜೆ ಬೆಳಕಿರುವಾಗಲೇ ಮುಗಿಯಿತು. ಆಸ್ಪತ್ರೆ ಕೋಣೆಯ ಟಿವಿಯಲ್ಲಿ ಅಮ್ಮ ಪೂರ್ತಿ ನೋಡಿದಳು. ಧಾರೆ ಬಂದಾಗ ಅಪ್ಪನ ಕೈ ಹಿಡಿದುಕೊಂಡಳು. ಮರುದಿನ ನಗುತ್ತಲೇ ಆಪರೇಷನ್‌ಗೆ ಹೋದಳು, ದೇವರ ದಯೆ, ಉಳಿದು ಬಂದಳು.

ಚೇತರಿಸಿಕೊಳ್ಳಲು ಅವಳು ಕೆಲವು ತಿಂಗಳು ದಾಸರಹಳ್ಳಿಯ ನನ್ನ ತಂಗಿಯ ಮನೆಯಲ್ಲಿದ್ದಳು. ಮೊದಲಿಂದಲೂ ಆಯಾಸವೆಂದು ಬೀದಿಯ ತುದಿಯವರೆಗೂ ನಡೆಯದ ಅವಳು ಕಾಕಾನನ್ನು ಒಮ್ಮೆಯೂ ನೋಡಿರಲಿಲ್ಲ. ಯಲಹಂಕಕ್ಕೆ ಬಂದ ಮೇಲೆ ಕಾಕಾನನ್ನು ಊಟಕ್ಕೆ ಕರೆಯಬೇಕು ಎಂದು ದಿನಾ ಫೋನಿನಲ್ಲಿ ಹೇಳುತ್ತಿದ್ದಳು. ಆದರೆ ಜ್ವರವೆಂದು ಊರಿಗೆ ಹೋದ ಕಾಕಾ ತಿರುಗಿ ಬರಲಿಲ್ಲ. ತೀರಿಕೊಂಡರೆಂಬ ಸುದ್ದಿ ತಿಳಿದು ಅಮ್ಮ, ಅವರ ಮುಖವನ್ನು ಒಂದು ಸಲ ತೋರಿಸು ಎಂದಳು.

ಹುಡುಕಿದೆ. ಯಾರ್ಯಾರದೋ ಮದುವೆಯ ಅಡುಗೆಯವರ ಮುಖವೂ ನನ್ನ ಹತ್ತಿರ ಇದೆ, ಕಾಕಾನ ಒಂದು ಫೋಟೊ ಇಲ್ಲ. ವಾಟ್ಸ್ಯಾಪಿನಲ್ಲೂ ಅವರ ಮುಖದ ಬದಲು ಯಾವುದೋ ಮದರ್‌ಬೋರ್ಡಿನ ಚಿತ್ರ. ತೋರಿಸುವುದಕ್ಕೆ ಏನೂ ಇಲ್ಲ ಎಂದು ಅಮ್ಮನ ಮುಂದೆ ಅತ್ತುಬಿಟ್ಟೆ. ಅವಳು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಕಣ್ಣು ಮುಚ್ಚಿಕೊಂಡಳು.

“ನೀನ್ ಹೇಳ್ತಾ ಹೋಗು. ನಾನ್ ನೋಡ್ಕೋತೀನಿ.”