ಬಿಚ್ಚದೆ ಹೋದ ಕಪಾಟು

ಇದನ್ನು ಹೇಳುವುದನ್ನು ಬಹಳ ದಿನಗಳಿಂದ ಮುಂದೂಡುತ್ತಲೇ ಬಂದಿದ್ದೇನೆ. ಇವತ್ತು ಡಚ್ಚರ ನಾಡಿನ ಆಮರ್ಸ್‌ಫೋರ್ಟಿನಲ್ಲಿರುವ ಮಗಳ ಮನೆಯ ಹಿತ್ತಲಲ್ಲಿ ಕೂತು ಸ್ಟೂಲೊಂದಕ್ಕೆ ಅಗಸೆ ಎಣ್ಣೆ ಉಜ್ಜುತ್ತಿದ್ದೆ. ಕೈಯ ಬಿಸಿಗೆ ವಾಸನೆ ಎದ್ದಿತು... ಇನ್ನು ಮುಚ್ಚಿಟ್ಟುಕೊಳ್ಳಲು ಆಗಲಿಲ್ಲ.

ಪಕ್ಕದ ಮನೆಯಲ್ಲಿ ಒಬ್ಬ ಡಚ್ ಅಜ್ಜಿ ಇದ್ದರು. ನನ್ನ ಮೊಮ್ಮಗಳು ಅವರನ್ನು ಇಲ್ಲಿಯ ಮಾತಿನಲ್ಲಿ ಓಮಾ, ಅಂದರೆ ಅಜ್ಜಿ, ಎನ್ನುತ್ತಿದ್ದಳು, ಅವರಿಗಿಂತ ನಾಲ್ಕಾರು ವರ್ಷವಷ್ಟೇ ಚಿಕ್ಕವನಾದ ನಾನೂ ಹಾಗೆಯೇ ಕರೆದೆ. ನನಗೆ ಡಚ್ ಬಾರದು, ಅವರಿಗೆ ಕನ್ನಡ ಬಾರದು. ಮೊಮ್ಮಗಳು ನಡುವೆ ಕೂತು ಮಾತು ದಾಟಿಸುತ್ತಿದ್ದಳು. ಓಮಾ ಕಾಫಿಯ ಜೊತೆ ಒಂದೇ ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚುತ್ತಿದ್ದರು. ಆ ಒಂದನ್ನೇ ಮುರಿಯದಂತೆ ಅದ್ದಿ ತಿನ್ನುತ್ತ ಮಧ್ಯಾಹ್ನವೆಲ್ಲ ಸುಖವಾಗಿ ಕೂರುತ್ತಿದ್ದೆ.

ಅವರ ಮಹಡಿಯ ಕೋಣೆಯಲ್ಲಿ ದೊಡ್ಡದೊಂದು ಕಪಾಟಿತ್ತು. ತೀರಿಹೋದ ಗಂಡ ಹಳೆಯ ದನದ ಕೊಟ್ಟಿಗೆಯ ಹಲಗೆಗಳಿಂದ ಮಾಡಿದ್ದು. ಮೊಳೆಯಿಲ್ಲ, ಅಂಟಿಲ್ಲ, ಬರೀ ಮರದ ಬೆಣೆಗಳು. ಬೆಣೆ ಎಳೆದರೆ ಕಪಾಟು ಮತ್ತೆ ಹಲಗೆಯಾಗುತ್ತಿತ್ತು, ಹಲಗೆ ಮುಂದೆ ಮಂಚವಾಗಬಹುದಿತ್ತು, ಬೆಂಚಾಗಬಹುದಿತ್ತು. ಮೇಲೆ ಬಳಿದದ್ದು ಅಗಸೆ ಎಣ್ಣೆ ಮಾತ್ರ. ಒಮ್ಮೆ ಮಗಳು ಮಾಡಿದ ಅಗಸಿ ಹಿಂಡಿ, ಅದೇ ಅಗಸೆ ಬೀಜದ ಚಟ್ನಿಪುಡಿ, ಒಯ್ದುಕೊಟ್ಟೆ. ಮೂಸಿ ನೋಡಿ ಓಮಾ ಬಿದ್ದು ಬಿದ್ದು ನಕ್ಕರು.

“ಅಜ್ಜಾ, ಓಮಾ ಕೇಳಾಕತ್ತಾರ, ನಾನು ಕಪಾಟಕ್ಕ ಹಚ್ಚೂದನ್ನ ನೀವು ರೊಟ್ಟಿಗಿ ಹಚ್ಚಿ ತಿಂತೀರೇನು ಅಂತ!”

“ಹೌದಂತ ಹೇಳವ್ವಾ. ನಾವೇನು ಕಪಾಟಕ್ಕಿಂತ ಕಡಿಮಿಯೇನು?”

ಅದಕ್ಕೆ ಓಮಾ ತಮ್ಮ ಗಂಡನ ನಿಯಮ ಹೇಳಿದರು. ತಿನ್ನಲು ಬರುವುದನ್ನೇ ಮರಕ್ಕೆ ಹಚ್ಚಬೇಕಂತೆ. ಕೊನೆಗೊಂದು ದಿನ ಆ ಮರವನ್ನು ಮಣ್ಣು ತಿನ್ನಬೇಕಲ್ಲ...

ಒಂದು ಚಳಿಗಾಲ ಕಪಾಟು ಅಲುಗಾಡತೊಡಗಿತು. ಬೆಣೆ ಬಡಿದುಕೊಡಿ ಎಂದರು. ನಾನೋ ಎಸ್ಸೆಸ್ಸೆಲ್ಸಿ ಮುಗಿಸಿ ಗದಗಿನ ಪ್ಲೈವುಡ್ ಅಂಗಡಿಯಲ್ಲಿ ಆಯುಷ್ಯ ಕಳೆದವನು. “ಮೊಮ್ಮಕ್ಕಳ ಕಾಲಕ್ಕೂ ಬಿಚ್ಚೂದಿಲ್ರೀ” ಎಂದು ಅಂಟು ಮಾರಿದವನು. ಬಿಚ್ಚಲು ಬರುವುದೂ ಒಂದು ಗುಣವೆಂಬುದು ತಲೆಗೆ ಇಳಿದಿರಲಿಲ್ಲ. ಓಮಾ ಕಾಫಿ ಮಾಡಲು ಕೆಳಗೆ ಹೋದಾಗ ಪ್ರತಿ ಬೆಣೆಗೂ ಅಂಟು ಬಳಿದು ಬಡಿದುಬಿಟ್ಟೆ. ಹೇಳಲಿಲ್ಲ. ದೊಡ್ಡ ಉಪಕಾರ ಮಾಡಿದೆನೆಂದು ಒಳಗೇ ಬೀಗಿದೆ. ಅಂದು ಬಿಸ್ಕತ್ತಿನ ಡಬ್ಬಿ ಎರಡನೇ ಸಲ ತೆರೆಯಿತು.

ಕೆಲವು ವರ್ಷಗಳಾದ ಮೇಲೆ ಓಮಾ ವೃದ್ಧರ ಆರೈಕೆಯ ಮನೆಗೆ ಹೊರಟರು. ಗಂಡನ ಹಲಗೆಗಳಿಂದ ಅಲ್ಲಿಯ ಕಿಟಕಿಯ ಕೆಳಗೊಂದು ಬೆಂಚು ಮಾಡಿಸಿಕೊಳ್ಳುವ ಆಸೆ ಅವರಿಗೆ. ಅವರ ಮಗ ಬಂದು ಬೆಣೆ ಎಳೆದ. ಬರಲಿಲ್ಲ. ಬಡಿದ, ಹಲಗೆ ಸೀಳಿತು. ಆ ಕಡಿದಾದ ಮೆಟ್ಟಿಲಿನಲ್ಲಿ ಇಡೀ ಕಪಾಟು ಇಳಿಯುವಂತೆಯೂ ಇರಲಿಲ್ಲ. ಓಮಾ ನನ್ನ ಮುಖ ನೋಡಿದರು.

“ಹಸಿ ಹವಾಕ್ಕ ಮರ ಉಬ್ಬೈತಿ ಅಂತ ಹೇಳವ್ವಾ,” ಎಂದೆ. ಮೊಮ್ಮಗಳು ನಂಬಿ ಹಾಗೆಯೇ ಹೇಳಿದಳು.

ಗರಗಸ ತಂದರು. ಅಂಟು ಮೆತ್ತಿದ ತುಂಡುಗಳು ಕಸದ ಗಾಡಿ ಏರಿದವು. ಬೆಣೆಯಿಲ್ಲದೆ ಸುಮ್ಮನೆ ಒಳಗೆ ಕೂತಿದ್ದ ಹಲಗೆಯೊಂದು ಮಾತ್ರ ಉಳಿಯಿತು. ಒಂದರಲ್ಲಿ ಬೆಂಚಾಗದು ಎಂದು ಓಮಾ ಅದನ್ನು ನನ್ನ ಕೈಗಿಟ್ಟರು... ರಿಪೇರಿ ಮಾಡಿಕೊಟ್ಟ ನೆನಪಿಗೆ! ಮರುವರ್ಷ ಅವರು ತೀರಿಕೊಂಡರು.

ಆ ಹಲಗೆಯಿಂದ ನಾನು ಬರೀ ಬೆಣೆ ಹಾಕಿ ಮಾಡಿದ್ದೇ ಈ ಸ್ಟೂಲು. ಮೊಮ್ಮಗಳು ಓದಲು ಟಿಲ್‌ಬರ್ಗಿಗೆ ಹೊರಟಿದ್ದಾಳೆ. ಬೆಣೆ ಎಳೆದು, ಚೀಲಕ್ಕೆ ತುಂಬಿ, ರೈಲಿನಲ್ಲಿ ಒಯ್ಯುತ್ತಾಳಂತೆ. ಎಣ್ಣೆ ಒರೆಸುತ್ತ ಅವಳಿಗೆ ಎಲ್ಲ ಹೇಳಿದೆ. ನಿನ್ನ ಬಾಯಿಂದ ಸುಳ್ಳು ಹೇಳಿಸಿದೆ, ತಪ್ಪಾಯಿತು ಎಂದೆ. ಅವಳು ಸ್ಟೂಲಿನ ಒಂದು ಬೆಣೆ ಎಳೆದು ನೋಡಿದಳು.

“ಅಜ್ಜಾ, ಇದಕ್ಕ ಅಂಟು ಹಚ್ಚಿಲ್ಲ ಹೌದಿಲ್ಲೋ?”

“ಇಲ್ಲವ್ವಾ.”

“ಹಂಗಾರ ಬಿಡು.”

ಅವಳ ಮಟ್ಟಿಗೆ ಅದು ಮುಗಿಯಿತು. ನನ್ನ ಮನಸ್ಸೂ ಹಗುರಾಗಿದೆ, ಸುಳ್ಳೇಕೆ ಹೇಳಲಿ. ಆದರೆ ಆ ‘ತಪ್ಪಾಯಿತು’ ಸೇರಬೇಕಾಗಿದ್ದು ನನಗಾಗಿ ಡಬ್ಬಿಯನ್ನು ಎರಡನೇ ಸಲ ತೆರೆದವರಿಗೆ... ನನ್ನ ಪಕ್ಕದ ಮನೆಯ ಓಮಾಗೆ.