ಲಿಫ್ಟ್ ಮೆಕ್ಯಾನಿಕ್ಕನ ಸಂಜೆಗಳು

ಲಿಫ್ಟ್ ಮೆಕ್ಯಾನಿಕ್ಕನಿಗೆ ಹೊಟ್ಟೆಯಲ್ಲಿ ಉರಿ. ಮಾತ್ರೆ ಬರೆಸಿಕೊಂಡು ಬಂದರಾಯಿತೆಂದು ಡಾಕ್ಟರಮ್ಮನ ಹತ್ತಿರ ಹೋದ. ಅವನ ತಾಯಿಯ ಮಂಡಿನೋವಿನಿಂದ ಮಕ್ಕಳ ನೆಗಡಿಯವರೆಗೆ ಎಲ್ಲಕ್ಕೂ ಮದ್ದು ಕೊಟ್ಟವರು ಅವರೇ. ಹೊಟ್ಟೆ ಒತ್ತಿ ನೋಡಿ ಕೇಳಿದರು: "ಕುಡಿಯೋದು ಎಷ್ಟು?"

"ಅಪರೂಪಕ್ಕೆ, ಮೇಡಂ."

"ನಿನ್ನೆ?"

"ನಿನ್ನೆ... ಹೌದು."

"ಮೊನ್ನೆ?"

ಅವನು ಗೋಡೆಯ ಗಡಿಯಾರ ನೋಡಿದ.

ಡಾಕ್ಟರಮ್ಮ ಬೈಯಲಿಲ್ಲ. "ರಕ್ತ ಪರೀಕ್ಷೆ ಮಾಡಿಸ್ಕೊಂಡು ಬನ್ನಿ. ಅಲ್ಲೀವರೆಗೂ ಕುಡಿಯೋದನ್ನ ನೀವಾಗೇ ಒಮ್ಮೆಲೇ ನಿಲ್ಲಿಸ್ಬೇಡಿ," ಎಂದರಷ್ಟೆ. ಬೈದಿದ್ದರೇ ವಾಸಿಯಿತ್ತು. ಅವಮಾನ ನೆತ್ತಿಗೇರಿ, ಮನೆಗೆ ಬಂದವನೇ ಇದ್ದಬದ್ದ ಬಾಟಲಿಗಳನ್ನೆಲ್ಲ ಸಿಂಕಿಗೆ ಸುರಿದುಬಿಟ್ಟ.

ಹಟವೇನೋ ಗಟ್ಟಿಯಾಗಿ ನಿಂತಿತು, ಮೈ ನಿಲ್ಲಲಿಲ್ಲ. ಮರುದಿನ ಲಿಫ್ಟಿನ ನೆತ್ತಿಯ ಮೇಲೆ ಕೂತು ಕೆಲಸ ಮಾಡುವಾಗ ಕೈ ಗಡಗಡ ನಡುಗಿ ಸ್ಪ್ಯಾನರ್ ಜಾರಿತು. ಬಾವಿಯಂಥ ಕತ್ತಲಲ್ಲಿ ಠಣ್ಣೆನ್ನುತ್ತ ಕೆಳಗೆ ಹೋಯಿತು. ಜೊತೆಗಾರ ರಟ್ಟೆ ಹಿಡಿದು ಎಳೆಯದಿದ್ದರೆ ಅದರ ಹಿಂದೆಯೇ ಇವನೂ ಹೋಗುತ್ತಿದ್ದ. ಬೆವರಿನಲ್ಲಿ ತೊಯ್ದವನನ್ನು ಜೊತೆಗಾರ ನೇರ ಕ್ಲಿನಿಕ್ಕಿಗೆ ತಂದ.

"ಬಿಡಿ ಅಂದ್ರೆ ಬಿಡೋರಲ್ಲ, ಬಿಡಬೇಡಿ ಅಂದ್ರೆ ಬಿಟ್ಟೇಬಿಡ್ತೀರಲ್ರೀ!" ಡಾಕ್ಟರಮ್ಮ ಈಗ ಬೈದರು. "ವರ್ಷಗಟ್ಟಲೆ ಒಗ್ಗಿದ ಮೈ. ಒಂದೇ ಸಲಕ್ಕೆ ನಿಲ್ಲಿಸಿದ್ರೆ ಫಿಟ್ಸ್ ಬಂದು ಜೀವಕ್ಕೇ ಕುತ್ತು." ಔಷಧಿ ಕೊಟ್ಟು, ನಡುಕ ಇಳಿಯುವತನಕ ಅಲ್ಲೇ ಮಲಗಿಸಿ, ಹೆಂಡತಿಯನ್ನು ಕರೆಸಿ ಲೆಕ್ಕ ಹಾಕಿಕೊಟ್ಟರು: ವಾರವಾರವೂ ಸ್ವಲ್ಪಸ್ವಲ್ಪ ಕಡಿಮೆ, ವಾರವಾರವೂ ತಪ್ಪದೆ ಭೇಟಿ. ಎತ್ತರದ ಕೆಲಸ ಸದ್ಯಕ್ಕೆ ಬೇಡ.

ಹೆಂಡತಿ ಅಳೆದು ಕೊಟ್ಟದ್ದು ಗುಟುಕಿನಲ್ಲೇ ಮುಗಿಯುತ್ತಿತ್ತು, ಸಂಜೆ ಮುಗಿಯುತ್ತಿರಲಿಲ್ಲ. ನಿಂತಲ್ಲಿ ನಿಲ್ಲಲಾರ, ಕೂತಲ್ಲಿ ಕೂರಲಾರ. ಫ್ಯಾನು ಬಿಚ್ಚಿದ, ನಲ್ಲಿ ಬಿಚ್ಚಿದ, ಚೆನ್ನಾಗಿದ್ದ ಬಾಗಿಲ ಚಿಲಕವನ್ನೂ ಬಿಚ್ಚಿದ.

"ಇನ್ನು ಬಿಚ್ಚಿ ಜೋಡಿಸೋಕೆ ಈ ಮನೇಲಿ ನಾನೊಬ್ಬಳೇ ಬಾಕಿ," ಎಂದಳು ಹೆಂಡತಿ.

"ನಿನ್ನ ಸ್ಕ್ರೂ ಎಲ್ಲಿದೆ ಅಂತ ಇನ್ನೂ ಗೊತ್ತಾಗಿಲ್ಲ ಕಣೇ."

ಅಷ್ಟರಲ್ಲಿ ಭಾವಮೈದನ ಮನೆಯಲ್ಲೊಮ್ಮೆ ಕಾಲು ಜಾರಿತು, ಕಂಠಪೂರ್ತಿ ಕುಡಿದ. ಆ ವಾರ ಕ್ಲಿನಿಕ್ಕಿನತ್ತ ತಲೆ ಹಾಕಲಿಲ್ಲ. ಡಾಕ್ಟರಮ್ಮನ ಫೋನೇ ಬಂತು.

"ಯಾಕ್ರೀ ಬರಲಿಲ್ಲ?"

"ಕುಡಿದ್ಬಿಟ್ಟೆ, ಮೇಡಂ. ಯಾವ ಮುಖ ಇಟ್ಕೊಂಡು ಬರ್ಲಿ?"

"ಇರೋ ಮುಖಾನೇ ತಗೊಂಡು ಬನ್ನಿ. ಜ್ವರ ಮತ್ತೆ ಬಂತು ಅಂತ ಡಾಕ್ಟರ್ ಹತ್ರ ಹೋಗದೇ ಇರ್ತಾರಾ?"

ಹೋದ. ಮತ್ತೆ ಕಡಿಮೆ ಮಾಡುತ್ತ ಬಂದ. ಹೊಟ್ಟೆಯ ಉರಿ ಹೋಯಿತು, ಊಟ ರುಚಿಸಿತು, ಹಳೆಯ ಕೆಲಸಕ್ಕೂ ಮರಳಿದ. ವಾರದಲ್ಲಿ ಬಹುಪಾಲು ಸಂಜೆಗಳನ್ನು ಈಗ ಕುಡಿಯದೆ ದಾಟುತ್ತಾನೆ. ಆದರೂ ಬೀದಿದೀಪ ಹತ್ತಿಕೊಂಡರೆ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ, ಚಪ್ಪಲಿ ಮೆಟ್ಟುತ್ತಾನೆ.

"ಬ್ರಾಂದಿ ಅಂಗಡಿ ಬೀದಿ ಬೇಡ, ಸ್ಕೂಲ್ ಕಡೆಯಿಂದ ಹೋಗೋಣ, ತಾಳಿ," ಎನ್ನುತ್ತ ಹೆಂಡತಿಯೂ ಹೊರಡುತ್ತಾಳೆ.